ಕುಲುಕಿ ನೋಡದ ಕಾಯಿ

ಪುಟ್ಟಗೌರಮ್ಮ ಅಟ್ಟದ ಮೇಲೆ ಕೂತು ಕಾಯಿ ಕುಲುಕುತ್ತಿದ್ದಳು. ಹೋದ ಯುಗಾದಿ ಕಳೆದ ಮೇಲೆ ಏರಿಸಿದ ಕಾಯಿ. ಮೇಲೆ ಹೆಂಚಿನ ಕಾವು, ಕೆಳಗೆ ಒಲೆಯ ಹೊಗೆ. ಹನ್ನೊಂದು ತಿಂಗಳು ಹಾಗೇ ಬಿದ್ದು ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವ ಹೊತ್ತು. ಒಂದೊಂದನ್ನೇ ಎತ್ತಿ ಬಲಗಿವಿಗೆ ತಂದು ಎರಡು ಸಲ ಕುಲುಕುವಳು. ಗಡಗಡ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಬಲಕ್ಕೆ. ಲೊಳಕ್ ಅಂದರೆ ಇನ್ನೂ ನೀರಿದೆ, ಮತ್ತೆ ಅಟ್ಟದ ಮೂಲೆಗೆ. ಸದ್ದೇ ಬರದಿದ್ದರೆ ಒಳಗೇ ಕೆಟ್ಟಿದೆ, ಅದು ಎಣ್ಣೆಯವನ ಚೀಲಕ್ಕೆ. ಹಂದನಕೆರೆ ಸುತ್ತಿನ ತೋಟದವರು ಕಾಯಿ ಸುಲಿಸುವ ಮುಂಚೆ ಅವಳಿಗೆ ಹೇಳಿ ಕಳಿಸುತ್ತಿದ್ದರು. ಒಡೆಯದೆ ಒಳಗಿನದು ಹೇಳುವ ಕಿವಿ ಅಂತ ಊರಲ್ಲಿ ಅವಳಿಗೆ ಹೆಸರು.

ಆ ಕಿವಿಗೆ ಹಿತ್ತಲಿನಿಂದ ಮಗಳ ದನಿ ಬಿತ್ತು. ಕೂಗಲ್ಲ, ಸೆರಗು ಬಾಯಿಗೆ ತುರುಕಿಕೊಂಡು ತಡೆದ ದನಿ. ಕೈಯಲ್ಲಿದ್ದ ಕಾಯಿ ಬಿಟ್ಟು ಪುಟ್ಟಗೌರಮ್ಮ ಏಣಿ ಇಳಿದಳು.

ಹುಲ್ಲುಬಣವೆಯ ಹಿಂದಿನಿಂದ ಗಿರಿಜಾ ಗೋಡೆ ಹಿಡಿದು ಬರುತ್ತಿದ್ದಳು. ಶಾಲೆಯ ಮೇಷ್ಟ್ರು ದಾಖಲಾತಿಯಲ್ಲಿ ಗಿರಿಜಾಂಬಿಕಾ ಅಂತ ಉದ್ದಕ್ಕೆ ಬರೆದಿದ್ದರೂ ಮನೆಯಲ್ಲಿ ಗಿರಿಜಾ. ಚೊಚ್ಚಲ ಬಾಣಂತಿ, ಗಂಡುಮಗುವಾಗಿ ಐವತ್ತು ದಿನ. ಮುಖ ಬೂದಿಯಾಗಿತ್ತು. ಹಿಂದುಗಡೆಗೆ ಹೋಗಿ ಬಂದರೆ ಎರಡು ಗಂಟೆ ಹೊತ್ತು ಕೂರಲಾರಳು, ಮಲಗಲಾರಳು.

"ಗಾಜಿನ ಚೂರು ಕುಯ್ದಂಗೆ ಅವ್ವ. ಹೋಗುವಾಗ ಕುಯ್ತದೆ, ಆಮೇಲೆ ಉರಿ ನಿಲ್ಲಾಕಿಲ್ಲ. ಇವತ್ತೂ ಒಂದು ಎಳೆ ರಕ್ತ."

"ಬೆಳಿಗ್ಗೆ ಏನೂ ತಿನ್ನಲಿಲ್ಲ ನೀನು."

"ತಿಂದ್ರೆ ಹೋಗ್ಬೇಕಲ್ಲ."

ಅದೇ ಈಗ ಮನೆಯ ದೊಡ್ಡ ಸಂಕಟವಾಗಿತ್ತು. ಹೋಗುವ ಭಯಕ್ಕೆ ಗಿರಿಜಾ ಊಟ ಬಿಟ್ಟಿದ್ದಳು. ಊಟ ಬಿಟ್ಟದ್ದಕ್ಕೆ ಹಾಲು ಇಳಿದಿತ್ತು. ತೊಟ್ಟಿಲಲ್ಲಿ ಮಗು ಬೆರಳು ಚೀಪಿ ಚೀಪಿ ಅಳುತ್ತಿತ್ತು. ಇದಕ್ಕೆಲ್ಲ ಮನೆಯ ಗಂಡಸು ಕಂಡುಕೊಂಡಿದ್ದ ಪರಿಹಾರ ನಾಡಿದ್ದು ಸೋಮವಾರಕ್ಕೆ ನಿಂತಿತ್ತು. ಅವತ್ತು ಕೆಂಚಯ್ಯನ ಪಾಳ್ಯದಲ್ಲಿ ಗಿರಿಜಾಗೆ ಸುಣ್ಣದ ಕಾರ ಹಚ್ಚಬೇಕು.

ಗುಡ್ಡದ ಪಾಳ್ಯದ ಕೆಂಚಯ್ಯ ಮೂಲವ್ಯಾಧಿಗೆ ಔಷಧಿ ಕೊಡುವವನು. ಅವನ ಅಪ್ಪನಿಂದ ಬಂದದ್ದು. ದುಡ್ಡು ಮುಟ್ಟುವುದಿಲ್ಲ; ಒಂದು ತೆಂಗಿನಕಾಯಿ ಮುಂದಿಟ್ಟು ಮುಖ ಆಚೆ ತಿರುಗಿಸಿ "ಮೂಲ" ಅಂದರೆ ಸಾಕು. ಕೇಳುವುದಿಲ್ಲ, ನೋಡುವುದಿಲ್ಲ. ಕೇಳಿದರೆ, ನೋಡಿದರೆ ಔಷಧಿಯ ಗುಣ ಹೋಗುತ್ತದೆ ಅಂತ ಅವನ ಅಪ್ಪ ಹೇಳಿದ್ದನಂತೆ. ಮೂರು ಸೋಮವಾರ ಬೇರು ಅರೆದು ಮಜ್ಜಿಗೆಯಲ್ಲಿ ಕೊಡುವನು. ಅದಕ್ಕೂ ಬಗ್ಗದಿದ್ದರೆ ನಾಲ್ಕನೆಯ ಸೋಮವಾರ ಉತ್ತರಾಣಿ ಗಿಡದ ಬೂದಿಗೆ ಸುಣ್ಣ ಕೂಡಿಸಿ ಇಳಿಸಿದ ಕಾರ. ಹಚ್ಚಿದ ಕಡೆ ಮಾಂಸ ಸುಟ್ಟು ಉದುರುತ್ತದೆ. ಹೆಂಗಸರಿಗಾದರೆ ಹಚ್ಚುವುದು ಅವನ ಹೆಂಡತಿ ಭೂತಮ್ಮ.

ಮೂರನೆಯ ಸೋಮವಾರ ಪುಟ್ಟಗೌರಮ್ಮನೇ ಮಗಳನ್ನು ಕರೆದುಕೊಂಡು ಹೋಗಿದ್ದಳು. ಜಗಲಿಯ ತುಂಬ ಜನ. ಹುಳಿಯಾರಿನಿಂದ ಬಂದ ಮುದುಕ ಒಬ್ಬ, ಪಂಚೆಗೆಲ್ಲ ರಕ್ತವಾದರೂ ನೋವೇ ಇಲ್ಲ ಅಂತ ನಗುತ್ತಿದ್ದ. ಕೆಂಕೆರೆಯ ಒಬ್ಬ ಗಟ್ಟಿಗ ಮೊನ್ನೆಯಿಂದ ಏನೋ ಗಂಟು ಎದ್ದಿದೆ ಅಂತ ಒಂಟಿಕಾಲಲ್ಲಿ ನಿಂತಿದ್ದ. ಇವಳ ಮಗಳು ಕಂಬ ಹಿಡಿದು ಅಳುತ್ತಿದ್ದಳು. ಮೂವರಿಗೂ ಅದೇ ಕಲ್ಲಿನ ಅದೇ ಬೇರು, ಅದೇ ಮಜ್ಜಿಗೆ. ತಡೆಯಲಾರದೆ ಪುಟ್ಟಗೌರಮ್ಮ ಕೇಳಿಯೇಬಿಟ್ಟಳು.

"ಕೆಂಚಯ್ಯಣ್ಣ, ಅವ್ಳಿಗೆ ಹೆಂಗೆ ನೋಯ್ತದೆ ಅಂತ ಒಂದು ಮಾತು ಕೇಳಪ್ಪ."

"ಕೇಳೋದೇನವ್ವ? ಮೂಲ ಅಂದ್ಮೇಲೆ ಮೂಲ. ಕಾಯಿ ಕಾಯೇ ತಾನೆ?"

ಕಾಯಿ ಕಾಯೇ ತಾನೆ! ಆ ಮಾತನ್ನು ಅವಳಿಗೆ ಹೇಳಿದ್ದ. ಅವಳು ಸುಮ್ಮನೆ ಕೈ ಚಾಚಿ ಅವನ ಪಕ್ಕದ ರಾಶಿಯಿಂದ ಒಂದು ಕಾಯಿ ಎತ್ತಿ ಕುಲುಕಿದಳು. ಸದ್ದಿಲ್ಲ. ಇನ್ನೊಂದು. ಅದೂ ಇಲ್ಲ. ಮೂರನೆಯದು, ನಾಲ್ಕನೆಯದು. ಇವನು ಕುಲುಕಿ ನೋಡುವವನಲ್ಲ ಅಂತ ತಿಳಿದ ಜನ ವರ್ಷಗಳಿಂದ ಮನೆಯಲ್ಲಿ ಕೆಟ್ಟ ಕಾಯಿಯನ್ನೇ ಆರಿಸಿ ತಂದಿಡುತ್ತಿದ್ದರು. ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಬಂದದ್ದು ಸಿಟ್ಟು. ಅದು ಇವತ್ತಿಗೂ ಆರಿರಲಿಲ್ಲ.

ಮಗಳನ್ನು ಕೋಣೆಗೆ ಬಿಟ್ಟು ನಡುಮನೆಗೆ ಬಂದಾಗ ಗಂಡ ಹನುಮಂತಯ್ಯ ಎಲೆ ಅಡಿಕೆ ಹಾಕುತ್ತ ಕೂತಿದ್ದ.

"ಸೋಮವಾರ ಅಲ್ಲಿಗೆ ಹೋಗಲ್ಲ. ತಿಪಟೂರಿಗೆ ಹೋಗ್ತೀನಿ. ಲೇಡಿ ಡಾಕ್ಟ್ರು ಅವ್ರೆ" ಅಂದಳು.

"ತಲೆ ಕೆಟ್ಟೈತೇನೇ ನಿಂಗೆ? ಇಂಥದ್ನ ಹೊತ್ಕೊಂಡು ಪ್ಯಾಟೆಗೆ ಹೋಗ್ತಾಳಂತೆ. ಬೀಗರಿಗೆ ಗೊತ್ತಾದ್ರೆ? ಹುಡುಗಿಗೆ ಮೂಲ ಅಂತ ಮೂರೂರಿಗೆ ಸಾರ್ಕೊಂಡು ಬಾ."

"ಕೆಂಚಯ್ಯನ ಜಗಲಿ ಮೇಲೆ ಮೂರು ಸೋಮವಾರ ನಿಲ್ಸಿದ್ದು ಗುಟ್ಟಾಗಿತ್ತೇನು?"

"ಲೇ, ನಂಗೆ ವಾಸಿಯಾಯ್ತೋ ಇಲ್ವೋ? ಕೆಂಚಯ್ಯನ ಬೇರಿಂದ್ಲೇ ಅಲ್ವಾ?"

ಪುಟ್ಟಗೌರಮ್ಮ ಅವನನ್ನೇ ನೋಡಿದಳು. ಮೂರು ವರ್ಷದ ಹಿಂದೆ ಅವನಿಗೆ ರಕ್ತ ಹೋಗುತ್ತಿತ್ತು. ಪಂಚೆ ಒಗೆದವಳು ಅವಳು. ಆಗಲೂ ಅವನು ತೋಟಕ್ಕೆ ಹೋಗುತ್ತಿದ್ದ, ಗಾಡಿ ಹೂಡುತ್ತಿದ್ದ, ಕೂತು ಮುದ್ದೆ ಉಣ್ಣುತ್ತಿದ್ದ.

"ನಿಮಗೆ ನೋವಿತ್ತಾ?"

"ಏನು?"

"ರಕ್ತ ಹೋಗುವಾಗ ನೋವಿತ್ತಾ ಅಂತ ಕೇಳ್ದೆ."

"ಥೂ. ನಾಚ್ಕೆ ಇಲ್ದೋಳು. ಮಗಳು ಅಲ್ಲೇ ಅವ್ಳೆ."

"ಇತ್ತಾ?"

"ಇರಲಿಲ್ಲ ಕಣೇ! ಏನೀಗ?"

"ಅವ್ಳಿಗೆ ಪ್ರಾಣ ಹೋಗೋ ನೋವೈತೆ. ರಕ್ತ ಒಂದೇ ಎಳೆ. ನಿಮ್ದೂ ಅವ್ಳದ್ದೂ ಒಂದೇ ಅಂತ ಹೆಂಗೆ ಹೇಳ್ತೀರಿ?"

"ಎರಡೂ ಅಲ್ಲೇ ತಾನೆ ಇರೋದು? ಅಲ್ಲಿ ಬಂದಿದ್ದೆಲ್ಲ ಮೂಲವೇ. ಬುಡು, ಹೆಂಗಸ್ರಿಗೆ ಇದೆಲ್ಲ ತಿಳಿಯಾಕಿಲ್ಲ."

ತಿಳಿಯುವುದಿಲ್ಲ. ಅವಳು ಒಳಗೆ ಹೋಗಿ ಬಾಣಂತಿಯ ಸಾರಿಗೆ ಮೆಣಸು ಕುಟ್ಟಿದಳು. ಒರಳು ಒಡೆಯುವ ಹಾಗೆ ಕುಟ್ಟಿದಳು.

ಸೋಮವಾರ ಬೆಳಕು ಹರಿಯುತ್ತಿದ್ದಂತೆ ಅವಳು ಮೊಮ್ಮಗನನ್ನು ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡಳು. ಹನುಮಂತಯ್ಯ ಬಾಗಿಲಿಗೆ ಅಡ್ಡ ನಿಂತ. "ಗಾಡಿ ಹೂಡ್ತೀನಿ, ಪಾಳ್ಯಕ್ಕೆ ನಡಿ" ಅಂದ. "ಹೂಡ್ಕೊಂಡು ನೀವೇ ಹೋಗಿ ಹಚ್ಚಿಸ್ಕೊಳಿ" ಅಂದಳು ಅವಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅಂಥ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಅವಳು ಮಗಳ ಕೈ ಹಿಡಿದು ಅವನ ತೋಳಿನ ಕೆಳಗೆ ನುಸುಳಿ ಬೀದಿಗೆ ಇಳಿದಳು.

ಹುಳಿಯಾರಿನಿಂದ ಬಂದ ಬಸ್ಸಿನಲ್ಲಿ ಸೀಟು ಖಾಲಿ ಇದ್ದವು. "ಕುಂತ್ಕೊಳಮ್ಮ, ಎಳೆ ಬಾಣಂತಿ ಇದ್ದಂಗಿದ್ದೀಯ" ಅಂದ ಕಂಡಕ್ಟರ್. ಗಿರಿಜಾ ಕಂಬಿ ಹಿಡಿದು ನಿಂತೇ ಇದ್ದಳು. "ಕೂರಾಕಿಲ್ಲವಾ? ಬಸ್ಸಿನ ಮೇಲೆ ಏನಾದ್ರೂ ಕೋಪವಾ?" ಅಂತ ಅವನು ಇನ್ನೊಂದು ಸಲ ನಗೆಯಾಡಿದ. ಪುಟ್ಟಗೌರಮ್ಮ ತಿರುಗಿ ನೋಡಿದ ನೋಟಕ್ಕೆ ಹಿಂದಿನ ಬಾಗಿಲಿಗೆ ಹೋದವನು ಮುಂದೆ ಬರಲಿಲ್ಲ. ರಸ್ತೆಯ ಗುಂಡಿ ಗುಂಡಿಗೂ ಮಗಳು ಕಣ್ಣು ಮುಚ್ಚುತ್ತಿದ್ದಳು. ತಿಪಟೂರಿನವರೆಗೆ ತಾಯಿ ಆ ಕಣ್ಣುಗಳನ್ನೇ ನೋಡಿದಳು.

ಡಾಕ್ಟರಮ್ಮ ನಲವತ್ತರ ಹೆಂಗಸು. ಕನ್ನಡಕ, ಗಟ್ಟಿ ದನಿ.

"ಏನಾಗಿದೆ?"

"ಮೂಲ ಕಣ್ರವ್ವ" ಅಂದಳು ಪುಟ್ಟಗೌರಮ್ಮ, ತಲೆ ತಗ್ಗಿಸಿ.

"ಯಾರು ಹೇಳಿದ್ದು?"

"ಎಲ್ಲ್ರೂ."

"ಎಲ್ಲರಲ್ಲಿ ನೋಡಿದವರು ಯಾರು?"

ಪುಟ್ಟಗೌರಮ್ಮ ತಲೆ ಎತ್ತಿದಳು. ಆ ಪ್ರಶ್ನೆಯನ್ನು ಇಷ್ಟು ದಿನ ಅವಳು ಎದೆಯಲ್ಲಿ ಇಟ್ಟುಕೊಂಡು ತಿರುಗಿದ್ದಳು, ಬಾಯಿಗೆ ಬಂದಿರಲಿಲ್ಲ. "ಯಾರೂ ನೋಡಿಲ್ಲ ಡಾಕ್ಟ್ರಮ್ಮ" ಅಂದಳು.

ಡಾಕ್ಟರಮ್ಮ ಗಿರಿಜಾಳನ್ನೇ ಕೇಳತೊಡಗಿದರು. ನೋವು ಯಾವಾಗ ಶುರುವಾಗುತ್ತದೆ? ಹೋಗುವಾಗಲಾ, ಕೂತಾಗಲಾ, ಸುಮ್ಮನಿದ್ದಾಗಲೂ ಇರುತ್ತದಾ? ಎಷ್ಟು ಹೊತ್ತು? ಉರಿಯಾ, ಮಿಡಿತವಾ? ರಕ್ತ ತೊಟ್ಟಿಕ್ಕುತ್ತದಾ, ಗೆರೆಯ ಹಾಗಾ? ಕೈಗೆ ಗಂಟು ಸಿಗುತ್ತದಾ? ಜ್ವರ ಬಂದಿತ್ತಾ? ಮೊದಲು ಗಿರಿಜಾ ನೆಲ ನೋಡಿಕೊಂಡು ಹೂಂ, ಉಹೂಂ ಅನ್ನುತ್ತಿದ್ದಳು. ಆಮೇಲೆ ಒಂದೊಂದೇ ಮಾತು ಹೊರಬಂತು. ಐವತ್ತು ದಿನದಲ್ಲಿ ಅವಳನ್ನು ಹೀಗೆ ಕೇಳಿದವರಿಲ್ಲ. ಪಕ್ಕದಲ್ಲಿ ನಿಂತ ತಾಯಿಗೆ ಅಟ್ಟ ನೆನಪಾಯಿತು. ಈಕೆ ಕುಲುಕುತ್ತಿದ್ದಾಳೆ ಅನ್ನಿಸಿತು.

ಪರದೆಯ ಹಿಂದೆ ಎಡಮಗ್ಗುಲಿಗೆ ಮಲಗಿಸಿ ಡಾಕ್ಟರಮ್ಮ ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿದರು. ಬೆರಳು ಒಳಗೆ ಹಾಕಲಿಲ್ಲ. "ಈಗ ಹಾಕಿದರೆ ನೋವಿಗೆ ಎದ್ದು ಓಡ್ತಾಳೆ" ಅಂದರು. "ಬನ್ನಿ, ನೀವೂ ನೋಡಿ."

ಪುಟ್ಟಗೌರಮ್ಮ ಬಗ್ಗಿ ನೋಡಿದಳು. ಬೇಸಗೆಯಲ್ಲಿ ಹಿಮ್ಮಡಿ ಒಡೆಯುತ್ತದಲ್ಲ, ಅಂಥದೊಂದು ಸಣ್ಣ ಸೀಳು. ಭತ್ತದ ಕಾಳಿನಷ್ಟು ಉದ್ದ.

"ಇಷ್ಟೇನಾ?"

"ಇಷ್ಟೇ. ಮೂಲ ಅಲ್ಲ ಇದು, ಬಿರುಕು. ಗಟ್ಟಿ ಮಲ ಬಂದು ಚರ್ಮ ಸೀಳಿದೆ. ನೋವಿಗೆ ಅಲ್ಲಿನ ಮಾಂಸ ಬಿಗಿಯುತ್ತೆ, ಬಿಗಿದರೆ ಮತ್ತೆ ಸೀಳುತ್ತೆ. ಕೊಯ್ಯೋದೂ ಬೇಡ, ಸುಡೋದೂ ಬೇಡ."

"ಇವತ್ತು ಇದಕ್ಕೆ ಸುಣ್ಣದ ಕಾರ ಹಚ್ಚೋರಿದ್ರು."

ಡಾಕ್ಟರಮ್ಮ ಕೈ ತೊಳೆಯುವುದು ನಿಲ್ಲಿಸಿ ತಿರುಗಿದರು. "ಗಾಯಕ್ಕೆ ಸುಣ್ಣವಾ? ಸುಟ್ಟು ಮುದುಡಿ ದಾರಿಯೇ ಚಿಕ್ಕದಾಗಿ ಹೋಗೋದು. ಜೀವನ ಪೂರ್ತಿ ಅನುಭವಿಸೋಳು."

ಪುಟ್ಟಗೌರಮ್ಮ ಮಗಳನ್ನು ಎಬ್ಬಿಸಿ ನಿಲ್ಲಿಸಿದಳು.

"ಮತ್ತೆ ಮೂಲ ಅಂದ್ರೆ ಯಾವುದು?" ಅಂತ ಕೇಳಿದಳು. ಅವಳ ದನಿ ಜಗಳದ ದನಿಯಾಗಿತ್ತು.

"ನೋವಿಲ್ಲದೆ ರಕ್ತ ಹೋದ್ರೆ ಹೆಚ್ಚಾಗಿ ಅದು ಮೂಲ. ಐವತ್ತು ದಾಟಿದವರಾದ್ರೆ ಅದನ್ನೂ ಒಂದು ಸಲ ತೋರಿಸಲೇಬೇಕು, ಬೇರೆ ಏನಾದ್ರೂ ಇರಬಹುದು. ಒಮ್ಮೆಲೇ ನೀಲಿ ಗಂಟು ಎದ್ದು ನೋವು ಬಂದ್ರೆ ರಕ್ತ ಹೆಪ್ಪುಗಟ್ಟಿರುತ್ತೆ, ಎರಡು ಮೂರು ದಿನ ಕಷ್ಟ, ಆಮೇಲೆ ಇಳಿಯುತ್ತೆ. ಹಗಲೂ ರಾತ್ರಿ ಮಿಡೀತಾ, ಊದಿಕೊಂಡು, ಚಳಿ ಜ್ವರ ಬಂದ್ರೆ ಮಾತ್ರ ಒಂದು ದಿನವೂ ಕಾಯಬಾರದು. ಒಳಗೆ ಕೀವಾಗಿರುತ್ತೆ. ಕೊಯ್ದು ತೆಗೀಲೇಬೇಕು."

ಪುಟ್ಟಗೌರಮ್ಮನಿಗೆ ಅಣ್ಣ ನೆನಪಾದ.

ರಂಗಪ್ಪ, ಅವಳ ಒಬ್ಬನೇ ಅಣ್ಣ. ಹತ್ತು ವರ್ಷದ ಹಿಂದೆ ಗಾಡಿಯಲ್ಲಿ ಕೂರಲಾರದೆ ಬೋರಲು ಮಲಗಿ ಇವಳ ಮನೆಗೆ ಬಂದಿದ್ದ. ಎರಡು ಕಂಬಳಿ ಹೊದೆಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. "ಒಳಗೆ ಯಾರೋ ಕುಟ್ಟಿದಂಗೆ ಆಯ್ತದೆ ಕಣಮ್ಮಿ" ಅನ್ನುತ್ತಿದ್ದ. ಮೂಲ ಅಂದರು. ಕೆಂಚಯ್ಯನ ಬೇರು ಕುಡಿಸಿದರು. ಬೇರಿನ ಲೋಟ ಹಿಡಿದವಳು ಅವಳೇ. ಹನ್ನೆರಡನೆಯ ದಿನ ಸತ್ತ. ಮೂಲದ ನಂಜು ತಲೆಗೇರಿತು ಅಂತ ಊರು ಮಾತಾಡಿಕೊಂಡಿತು. ಅವಳೂ ಹಾಗೇ ಅಂದುಕೊಂಡು ಅತ್ತು ಸುಮ್ಮನಾಗಿದ್ದಳು.

ಅದನ್ನೆಲ್ಲ ಹೇಳಿ, "ಕೊಯ್ಸಿದ್ರೆ?" ಅಂದಳು.

ಡಾಕ್ಟರಮ್ಮ ಕೈ ಒರೆಸಿಕೊಂಡರು. "ಬೇಗ ಕೊಯ್ಸಿದವರು ಹೆಚ್ಚಿನವರು ಬದುಕ್ತಾರೆ" ಅಂದರು.

ಹನ್ನೆರಡು ದಿನ ಇತ್ತು. ಮನೆಯಲ್ಲಿ ಗಾಡಿ ಇತ್ತು, ಎತ್ತು ಇತ್ತು. ಅಣ್ಣ ಕುಟ್ಟುತ್ತದೆ ಅಂದಿದ್ದ, ಚಳಿ ಅಂದಿದ್ದ. ಎಲ್ಲ ಸದ್ದೂ ಅವನೇ ಮಾಡಿ ತೋರಿಸಿದ್ದ. ಕೇಳುವ ಕಿವಿ ಯಾರಿಗೂ ಇರಲಿಲ್ಲ. ಇದ್ದ ಒಂದು ಮಾತು ಮೂಲ. ಅದನ್ನು ಮುಖದ ಮೇಲೆ ಮುಚ್ಚಿ ಅವನನ್ನು ಕಳಿಸಿಬಿಟ್ಟಿದ್ದರು. ಪುಟ್ಟಗೌರಮ್ಮನಿಗೆ ಅಳು ಬರಲಿಲ್ಲ. ಕೆಂಚಯ್ಯನ ರಾಶಿಯ ಕೊಳೆತ ಕಾಯಿಗಳನ್ನು ಒಂದೊಂದಾಗಿ ಅವನ ಜಗಲಿಗೆ ಕುಕ್ಕಿ ಒಡೆಯಬೇಕು ಅನ್ನಿಸಿತು.

"ಇವಳಿಗೆ ಮಲ ಇಷ್ಟು ಗಟ್ಟಿ ಆಗಿದ್ದು ಯಾಕೆ?" ಡಾಕ್ಟರಮ್ಮ ಚೀಟಿ ಬರೆಯುತ್ತ ಕೇಳಿದರು. "ದಿನಕ್ಕೆ ಎಷ್ಟು ನೀರು ಕುಡೀತಾಳೆ?"

"ಎರಡು ಲೋಟ. ಕಾಯಿಸಿ ಆರಿಸಿದ್ದು."

"ಎರಡೇ?"

"ಬಾಣಂತಿಗೆ ನೀರು ಹೆಚ್ಚಾದ್ರೆ ಶೀತ ಅಲ್ವಾ?"

"ಸೊಪ್ಪು, ತರಕಾರಿ, ಹಣ್ಣು?"

"ಸೊಪ್ಪಾ! ನಂಜಾಗ್ತದೆ ಡಾಕ್ಟ್ರಮ್ಮ. ಮೆಣಸಿನ ಸಾರು, ಬೆಳ್ಳುಳ್ಳಿ, ಅನ್ನ. ಕೊಬ್ಬರಿ ಬೆಲ್ಲ."

"ಮಗುವಿಗೆ ಹಾಲು ಎಲ್ಲಿಂದ ಬರಬೇಕು? ಮಲ ಕಲ್ಲಾಗದೆ ಇನ್ನೇನಾಗುತ್ತೆ? ಇದನ್ನೆಲ್ಲ ನಿಲ್ಲಿಸಿದ್ದು ಯಾರು? ಅದೇ ಕೆಂಚಯ್ಯನಾ?"

ಗಿರಿಜಾ ತಾಯಿಯ ಮುಖ ನೋಡಿ ಕಣ್ಣು ಕೆಳಗಿಳಿಸಿದಳು. ಕೋಣೆಯ ಆಚೆ ಯಾರದೋ ಮಗು ಅಳುತ್ತಿತ್ತು.

"ನಾನೇ" ಅಂದಳು ಪುಟ್ಟಗೌರಮ್ಮ.

ಲೋಟ ಅಳೆದವಳು ಅವಳೇ. ಮಗಳು "ಇನ್ನೊಂದು ಗುಟುಕು ಅವ್ವ" ಅಂದಾಗ ಚೊಂಬನ್ನು ಎತ್ತಿ ಮೇಲಿನ ನೆಲುವಿನಲ್ಲಿ ಇಟ್ಟವಳೂ ಅವಳೇ. ಗಂಡನ ಮೇಲೆ, ಕೆಂಚಯ್ಯನ ಮೇಲೆ, ಊರಿನ ಮೇಲೆ ಹರಿಯುತ್ತಿದ್ದ ಸಿಟ್ಟು ತಿರುಗಿ ಅವಳ ಮೇಲೆಯೇ ಬಂತು. ಅವಳು ಅದರಿಂದ ತಪ್ಪಿಸಿಕೊಳ್ಳಲು ನೋಡಲಿಲ್ಲ.

ಡಾಕ್ಟರಮ್ಮ ಹೇಳಿದ್ದನ್ನು ಅವಳು ಎರಡೆರಡು ಸಲ ಕೇಳಿ ಮನದಟ್ಟು ಮಾಡಿಕೊಂಡಳು. ಹೊತ್ತಿಗೆ ಕಾಲು ಗಂಟೆಯಂತೆ ದಿನಕ್ಕೆ ಮೂರು ಹೊತ್ತು, ಹೊರಗೆ ಹೋಗಿ ಬಂದ ಮೇಲಂತೂ ತಪ್ಪದೆ, ಬೆಚ್ಚಗಿನ ನೀರಿನ ಬೇಸಿನ್ನಿನಲ್ಲಿ ಕೂರಿಸುವುದು. ಮಲಗುವಾಗ ಇಸಬ್‌ಗೋಲಿನ ಹೊಟ್ಟು, ಮೇಲೆ ತುಂಬ ನೀರು. ನೋವು ಮರಗಟ್ಟಿಸುವ ಮುಲಾಮು. ಬಸಳೆ, ದಂಟು, ಪಪ್ಪಾಯಿ ಎಲ್ಲ ತಿನ್ನಬಹುದು. ಬಂದಾಗ ತಡೆಯಬಾರದು, ತಿಣುಕಬಾರದು. ಸೀಳು ಪೂರ್ತಿ ಕೂಡಿಕೊಳ್ಳಲು ನಾಲ್ಕು ವಾರವೋ ಆರು ವಾರವೋ ಬೇಕು. ಆಗಲೂ ಕೂಡದಿದ್ದರೆ ಮತ್ತೆ ಬರಬೇಕು.

ಬಸ್‌ಸ್ಟ್ಯಾಂಡಿನ ನಲ್ಲಿಯ ಹತ್ತಿರ ಗಿರಿಜಾ ನಿಂತಳು. ಬೊಗಸೆಯೊಡ್ಡಿ ಕುಡಿದಳು, ಮತ್ತೆ ಕುಡಿದಳು, ಗಂಟಲಿಂದ ಎದೆಗೆ ನೀರು ಸುರಿದರೂ ಬಿಡದೆ ಕುಡಿದಳು. ತಾಯಿ ಮಗುವನ್ನು ಅಪ್ಪಿಕೊಂಡು ಪಕ್ಕದಲ್ಲಿ ಕಾದಳು. ಸಾಕು ಅನ್ನಲಿಲ್ಲ.

ಮನೆಯಲ್ಲಿ ಹನುಮಂತಯ್ಯ ಎರಡು ದಿನ ಜಗಲಿಯಲ್ಲೇ ಉಂಡು ಮಲಗಿದ. ಮೂರನೆಯ ದಿನ, ಕುಂಬಳದ ಸೊಪ್ಪಿನ ಪಲ್ಯ ಬಾಣಂತಿಯ ಕೋಣೆಗೆ ಹೋಗುವುದನ್ನು ಕಂಡು, "ಮಗೀಗೆ ಶೀತ ಆದ್ರೆ ನಾನು ಕಾಣೆ" ಅಂದ.

"ಮಗು ಹೊಟ್ಟೆ ತುಂಬ ಕುಡ್ದು ಮಲಗೈತೆ. ಕಿವಿ ಇದ್ರೆ ಕೇಳಿ, ಅಳು ಐತಾ?"

ಅವನು ಕೇಳಿದ. ಇರಲಿಲ್ಲ.

"ನಿಮ್ಮನ್ನೂ ಕರ್ಕೊಂಡು ಬಾ ಅಂದವ್ರೆ" ಅಂದಳು. "ಐವತ್ತು ದಾಟ್ತಲ್ಲ. ರಕ್ತ ಹೋಗಿದ್ದು ಏನು ಅಂತ ನೋಡ್ಬೇಕಂತೆ."

"ನಂದಾ? ಯಾರು, ಆ ಹೆಂಗಸಾ?"

"ಗಂಡಸೂ ಅವ್ರೆ. ಶುಕ್ರವಾರ ಹೋಗೋದು. ಬಾಗಿಲಿಗೆ ಅಡ್ಡ ನಿಂತ್ರೆ ಊರ ಮುಂದೆ ಕೂಗಿ ಹೇಳ್ತೀನಿ." ಅವಳು ನಗದೆ ಹೇಳಿದ್ದರಿಂದ ಅವನು ಎಲೆ ಅಡಿಕೆಯ ಚೀಲ ಹುಡುಕುತ್ತ ಆಚೆ ಎದ್ದು ಹೋದ.

ಮುಂದಿನ ಸೋಮವಾರ ಬಿಸಿಲು ಏರುವ ಹೊತ್ತಿಗೆ ಕೆಂಚಯ್ಯನ ಹೆಂಡತಿ ಭೂತಮ್ಮ ತಾನಾಗಿಯೇ ಬಂದಳು. ಕೈಯಲ್ಲಿ ಬಾಳೆಲೆ ಮುಚ್ಚಿದ ಕರಟ. ಅಂಗಳದಲ್ಲಿ ಪುಟ್ಟಗೌರಮ್ಮ ಸುಲಿದ ಕಾಯಿ ಒಡೆದು ಕೊಬ್ಬರಿ ಬಿಡಿಸುತ್ತಿದ್ದಳು.

"ನಾಕನೇ ಸೋಮವಾರ ಬರ್ನೇ ಇಲ್ವಲ್ಲವ್ವ. ಅರ್ಧಕ್ಕೆ ಬುಟ್ರೆ ತಿರುಗಿ ಹೊಡೀತದೆ. ಅವರೇ ಕಳ್ಸುದ್ರು, ಹಚ್ಚಿ ಬಾ ಅಂತ."

"ನೀನು ನೋಡಿ ಹಚ್ತೀಯೇನು?"

"ಅಯ್ಯೋ, ನೋಡಬಾರದಲ್ವಾ? ಕೋಣೆ ಕತ್ಲೆ ಮಾಡಿ ಬೆರಳ ಅಂದಾಜಲ್ಲಿ ಹಚ್ಚೋದು."

ಪುಟ್ಟಗೌರಮ್ಮ ಎದ್ದಳು. ಕರಟ ಕಿತ್ತುಕೊಂಡು ಅಂಗಳದಾಚೆಯ ತಿಪ್ಪೆಗೆ ಬೀಸಿ ಎಸೆದಳು. ಬೂದಿಯ ನೀರು ದಾರಿಯುದ್ದಕ್ಕೂ ಬಿತ್ತು. "ಕತ್ಲೆ ಮಾಡಿ! ಬೆರಳ ಅಂದಾಜಲ್ಲಿ! ಎಷ್ಟು ಹೆಣ್ಣುಮಕ್ಕಳಿಗೆ ಹಚ್ಚಿದ್ದೀಯೆ? ಅವ್ರಲ್ಲಿ ಎಷ್ಟು ಜನ ನೆಟ್ಟಗೆ ಕುಂತವ್ರೆ ಅಂತ ತಿರುಗಿ ಹೋಗಿ ಕೇಳಿದ್ದೀಯಾ? ನಮ್ಮಣ್ಣನ ಒಳಗೆ ಕೀವು ಕುಟ್ತಿತ್ತು ಕಣೇ, ನಿನ್ನ ಗಂಡ ಬೇರು ಕುಡಿಸ್ದ. ನಾನು ಲೋಟ ಹಿಡ್ದೆ!"

ಭೂತಮ್ಮ ಬೆದರಿ ಕಂಬಕ್ಕೆ ಒರಗಿದಳು. ಎರಡು ಮೈಲಿ ಬಿಸಿಲಲ್ಲಿ ನಡೆದು ಬಂದವಳು, ತುಟಿ ಒಣಗಿತ್ತು. ಪುಟ್ಟಗೌರಮ್ಮ ಏದುಸಿರು ಬಿಡುತ್ತ ಒಳಗಿನಿಂದ ನೀರು ತಂದು ಕುಕ್ಕಿದಳು.

"ಕುಡಿ. ಕುಂತ್ಕೊಂಡು ಕುಡಿ."

ಭೂತಮ್ಮ ನಿಂತೇ ಕುಡಿದಳು.

"ಕುಂತ್ಕೋ ಅಂದೆ."

"ಬ್ಯಾಡ ಬುಡವ್ವ."

"ಯಾಕೆ, ನಮ್ಮ ಜಗಲಿ ಸುಡ್ತದಾ?"

ಭೂತಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ, ಬೀದಿಯ ಕಡೆ ಮುಖ ತಿರುಗಿಸಿಕೊಂಡು, "ಕುಂತ್ಕೊಳಾಕಾಗಲ್ಲ ಕಣವ್ವ. ನಾಕು ವರ್ಷ ಆಯ್ತು" ಅಂದಳು.

"ನಿನ್ನ ಗಂಡನಿಗೆ ಹೇಳ್ದೇನೇ?"

"ಹೇಳ್ದೆ. ಬೇರು ಕೊಟ್ರು. ಆಮೇಲೆ ಕಾರ, ನಾನೇ ಹಚ್ಕೊಂಡೆ. ನಂದೂ ಅದೇ ಅಲ್ವಾ, ಮೂಲ…"

"ಆ ಮಾತು ನನ್ನ ಅಂಗಳದಲ್ಲಿ ಆಡಬ್ಯಾಡ!"

ಪುಟ್ಟಗೌರಮ್ಮನ ಕೂಗಿಗೆ ಕೋಣೆಯಿಂದ ಗಿರಿಜಾ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಗೋಡೆ ಹಿಡಿದಿರಲಿಲ್ಲ. ಭೂತಮ್ಮ ನೆಟ್ಟಗೆ ನಿಂತ ಹುಡುಗಿಯನ್ನು ನೋಡಿದಳು.

ಪುಟ್ಟಗೌರಮ್ಮ ಕೊಬ್ಬರಿಯ ರಾಶಿಯನ್ನು ಕಾಲಿಂದ ಸರಿಸಿ ಅವಳ ಎದುರಿಗೆ ಬಂದು ನಿಂತಳು. ಸಿಟ್ಟು ಇನ್ನೂ ಕುದಿಯುತ್ತಿತ್ತು. ದನಿಯಲ್ಲಿ ಅದನ್ನು ಮುಚ್ಚಲಿಲ್ಲ.

"ಇತ್ತ ತಿರುಗು. ಬೀದಿಗೆ ಹೇಳಬ್ಯಾಡ, ನಂಗೆ ಹೇಳು. ಹೋಗುವಾಗ ಕುಯ್ತದೋ, ಸುಮ್ನಿದ್ರೂ ಮಿಡೀತದೋ? ಹೇಳೇ, ಹೆಂಗೆ ನೋಯ್ತದೆ?"